ಲೆಕ್ಕಕ್ಕೆ ಬಾರದ ನಾಲ್ವರು

ವೈದ್ಯರ ಬರವಣಿಗೆಯೆಂದರೆ ಔಷಧದ ಚೀಟಿ. ಅದನ್ನು ಓದಬಲ್ಲವನು ಔಷಧದ ಅಂಗಡಿಯವನೊಬ್ಬನೇ ಎಂಬ ವಿನೋದವು ನಮ್ಮ ಕಡೆಯಲ್ಲಿ ಹಳೆಯದು. ನಾವೂ ಬಹುಕಾಲ ಹಾಗೆಯೇ ತಿಳಿದಿದ್ದೆವು. ಆದರೆ ಕಳೆದ ದೀಪಾವಳಿಗೆ ನಮ್ಮ ಸೊಸೆಯು ಕೋಟುಮಚಗಿಯ ಮನೆಗೆ ಬಂದಾಗ, ಬಟ್ಟೆಯ ಪೆಟ್ಟಿಗೆಗಿಂತ ಭಾರವಾದ ಕಾಗದದ ಕಟ್ಟೊಂದನ್ನು ತಂದಳು. ಆಕೆ ವೈದ್ಯೆ. ಒಂದು ವೈದ್ಯಕೀಯ ಪತ್ರಿಕೆಗೆ ಕಳುಹಬೇಕಾದ ಸಂಶೋಧನ ಪ್ರಬಂಧದ ಹಸ್ತಪ್ರತಿಯನ್ನು ಸಿದ್ಧಪಡಿಸಲು ಹದಿನೈದು ದಿನಗಳ ರಜೆ ಪಡೆದು ಬಂದಿದ್ದಳು. “ಮಾವನವರೇ, ತಾವು ಮೂವತ್ತು ವರ್ಷ ಗಣಿತ ಕಲಿಸಿದವರು, ಈ ಕೂಡುವ ಲೆಕ್ಕಗಳನ್ನು ಒಮ್ಮೆ ನೋಡಿಕೊಡಬೇಕು” ಎಂದಳು. ಮುಪ್ಪಿನಲ್ಲಿ ನಮ್ಮನ್ನು ಕೇಳುವವರೊಬ್ಬರು ದೊರೆತರಲ್ಲಾ ಎಂದು ಸಂತೋಷದಿಂದ ಒಪ್ಪಿಕೊಂಡೆವು. ಆ ಒಪ್ಪಿಗೆಯು ನಮಗೆ ಕಲಿಸಿದ ಪಾಠವನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ.

ಆಕೆಯ ಸಂಶೋಧನೆಯ ವಿಷಯವು ನಮ್ಮ ಗದಗ ಜಿಲ್ಲೆಯವರಿಗೆ ಅಪರಿಚಿತವಾದುದಲ್ಲ. ಇಲ್ಲಿಯ ಎಷ್ಟೋ ಹಳ್ಳಿಗಳಲ್ಲಿ, ವಿಶೇಷವಾಗಿ ಮುಂಡರಗಿಯ ಕಡೆಗೆ, ನೆಲದಾಳದ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಹೆಚ್ಚಾಗಿದೆ. ಭೂಮಿಯೊಳಗಿನ ಕೆಲವು ಜಾತಿಯ ಕಲ್ಲುಗಳಿಂದ ಅದು ನೀರಿಗೆ ಇಳಿಯುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಪಕ್ಷದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕವು ವಿಧಿಸಿದೆ. ಅದಕ್ಕೆ ಮೀರಿದ ನೀರನ್ನು ಎಳೆಯ ಮಕ್ಕಳು ವರ್ಷಾನುಗಟ್ಟಲೆ ಕುಡಿದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಹಲ್ಲಿನ ಹೊರಕವಚವು ಕೆಡುತ್ತದೆ. ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿಯ ಗೆರೆಗಳನ್ನೋ ಕಂದು ಕಲೆಗಳನ್ನೋ ಹೊತ್ತು ಬರುತ್ತದೆ. ಸುಮಾರು ಎಂಟು ವರ್ಷದೊಳಗೆ ಆಗುವ ಕೇಡಿದು. ಹಲ್ಲು ಬಲಿತ ಮೇಲೆ ಅದೇ ನೀರು ಕುಡಿದರೂ ಕಲೆಯು ಹೊಸದಾಗಿ ಮೂಡುವುದಿಲ್ಲ. ಆದರೆ ಬಹುಕಾಲ ಹೆಚ್ಚಿನ ಪ್ರಮಾಣದಲ್ಲಿ ಕುಡಿದವರ ಎಲುಬು-ಕೀಲುಗಳು ಬಿರುಸಾಗಿ, ಬೆನ್ನು ಬಗ್ಗಿಸುವುದೂ ಕಷ್ಟವಾಗುತ್ತದೆ. ಕಲೆಯ ಹಲ್ಲಿನ ಹುಡುಗಿಯು ನಗುವಾಗ ಬಾಯಿಗೆ ಸೆರಗು ಹಿಡಿಯುವುದನ್ನು ಕಂಡವರಿಗೆ ಇದು ಬರಿಯ ಲವಣದ ಮಾತಲ್ಲವೆಂಬುದು ತಿಳಿದೀತು.

ಈ ರೋಗದ ಕುರಿತು ನಮ್ಮ ದೇಶದಲ್ಲಿ ಮೊದಲು ಬರೆದವರಲ್ಲಿ ಶಾರ್ಟ್, ಪಂಡಿತ, ರಾಘವಾಚಾರಿ ಎಂಬ ಮೂವರು ಮುಖ್ಯರು. ನೆಲ್ಲೂರು ಜಿಲ್ಲೆಯ ಜನರಲ್ಲಿ ತಾವು ಕಂಡುದನ್ನು ಅವರು 1937ರಲ್ಲಿ ‘ಇಂಡಿಯನ್ ಮೆಡಿಕಲ್ ಗೆಜೆಟ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬರೆಯದೆ ಬಿಟ್ಟಿದ್ದರೆ ನೆಲ್ಲೂರಿನವರ ನೋವು ನೆಲ್ಲೂರಿನಲ್ಲಿಯೇ ಉಳಿಯುತ್ತಿತ್ತು. ಬರೆದುದರಿಂದ ಅದು ದೂರದ ವೈದ್ಯರ ಕಣ್ಣನ್ನೂ ತೆರೆಯಿಸಿತು. ಹಸ್ತಪ್ರತಿಯ ಮೊದಲ ಪುಟದಲ್ಲಿಯೇ ಆ ಮೂವರ ಹೆಸರನ್ನು ಸೊಸೆಯು ಸ್ಮರಿಸಿದ್ದಳು.

ಇಂಥ ಪ್ರಬಂಧವು ಹೇಗಿರಬೇಕೆಂಬುದಕ್ಕೆ ಒಂದು ಕಟ್ಟಳೆಯುಂಟು. ಮೊದಲು ಪೀಠಿಕೆ: ನಾವು ಕೇಳುವ ಪ್ರಶ್ನೆ ಯಾವುದು, ಅದನ್ನೇಕೆ ಕೇಳಬೇಕು. ಎರಡನೆಯದು ವಿಧಾನ: ಯಾರನ್ನು, ಎಲ್ಲಿ, ಹೇಗೆ ಪರೀಕ್ಷಿಸಿದೆವು. ಮೂರನೆಯದು ಫಲಿತಾಂಶ: ಏನು ಕಂಡೆವು. ನಾಲ್ಕನೆಯದು ಚರ್ಚೆ: ಕಂಡುದರ ಅರ್ಥವೇನು, ಅದರ ಮಿತಿಯೇನು. ಇವೆಲ್ಲಕ್ಕೂ ಮುಂದೆ ಚಿಕ್ಕದೊಂದು ಸಾರಾಂಶ. 1978ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ, ಹಸ್ತಪ್ರತಿಗಳೆಲ್ಲ ಒಂದೇ ಬಗೆಯಾಗಿರಲೆಂದು ನಿಯಮಗಳನ್ನು ಏರ್ಪಡಿಸಿದರಂತೆ. ಸೊಸೆಯದರಂಥ ಸಮೀಕ್ಷೆಗಳಿಗೆ 2007ರಲ್ಲಿ 22 ಅಂಶಗಳ ಬೇರೊಂದು ತಾಳೆಪಟ್ಟಿಯು ಹೊರಟಿತು. ಅದನ್ನು ಆಕೆ ನಮ್ಮ ನಡುಮನೆಯ ಗೋಡೆಗೆ, ಪಂಚಾಂಗದ ಪಕ್ಕದಲ್ಲಿಯೇ ಅಂಟಿಸಿ, ಒಂದೊಂದು ಅಂಶವು ಮುಗಿದಂತೆ ಗೆರೆ ಎಳೆಯುತ್ತಿದ್ದಳು.

“ಇಷ್ಟೊಂದು ಕಟ್ಟುನಿಟ್ಟೇಕೆ? ಕಂಡುದನ್ನು ಕಂಡಂತೆ ಬರೆದರೆ ಸಾಲದೆ?” ಎಂದು ನಮ್ಮ ಮನೆಯವಳು ಕೇಳಿದಳು. ಆಗ ನಮಗೆ ನಮ್ಮೂರಿನ ಶಾಸನವು ನೆನಪಾಯಿತು. ಕಲ್ಯಾಣದ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, 1012ನೆಯ ಇಸವಿಯ ಶಾಸನವೊಂದು ಈ ಊರಿನದಾಗಿ ಪಂಡಿತರಲ್ಲಿ ಪ್ರಸಿದ್ಧವಾಗಿದೆ. ನಮ್ಮ ನಾಡಿನ ಹಳೆಯ ದಾನಶಾಸನಗಳನ್ನು ನೋಡಿರಿ: ಯಾವ ಅರಸನ ಕಾಲ, ಯಾವ ತಿಥಿ, ಕೊಟ್ಟವರಾರು, ಕೊಂಡವರಾರು, ಭೂಮಿಯು ಎಷ್ಟು ಮತ್ತರು, ಅದನ್ನು ಅಳೆದ ಗಳೆ ಯಾವುದು, ನಾಲ್ಕು ದಿಕ್ಕಿನ ಮೇರೆಗಳಾವುವು ಎಂಬುದನ್ನೆಲ್ಲ ಒಂದೊಂದಾಗಿ ಹೇಳಿರುತ್ತಾರೆ. ಅಳೆದ ಕೋಲಿನ ಹೆಸರನ್ನು ಹೇಳದಿದ್ದರೆ ಅಳತೆಗೆ ಅರ್ಥವೇನು? ನೂರು ವರ್ಷಗಳ ಮೇಲೆ ಬಂದವನೊಬ್ಬನು ಅದೇ ಗಳೆಯನ್ನು ಹಿಡಿದು ಅದೇ ಹೊಲವನ್ನು ಮತ್ತೆ ಅಳೆಯಲು ಸಾಧ್ಯವಾಗಬೇಕು. ಪ್ರಬಂಧದ ‘ವಿಧಾನ’ವೆಂಬ ಭಾಗದ ಉದ್ದೇಶವೂ ಇದೇ. ಸೊಸೆಯ ಗಳೆಯು ಅಮೆರಿಕೆಯ ಡೀನ್ ಎಂಬ ದಂತತಜ್ಞನು 1934ರಲ್ಲಿ ರಚಿಸಿ 1942ರಲ್ಲಿ ತಿದ್ದಿದ ಮಾಪನ. ಕಲೆಯಿಲ್ಲದ ಹಲ್ಲಿಗೆ ಸೊನ್ನೆ, ತೀರ ಕೆಟ್ಟುದಕ್ಕೆ ನಾಲ್ಕು, ನಡುವೆ ಉಳಿದ ಮೆಟ್ಟಲುಗಳು. ಬಾಯಲ್ಲಿ ಹೆಚ್ಚು ಕೆಟ್ಟ ಎರಡು ಹಲ್ಲುಗಳನ್ನು ನೋಡಿ ಅಂಕ ಹಾಕಬೇಕು. ಹೀಗೆ ಹೇಳಿದ ಮೇಲೆ ನಮ್ಮ ಮನೆಯವಳು, “ಹಾಗಾದರೆ ಸರಿ, ಸೇರು-ಪಾವು ಇಲ್ಲದೆ ಸಂತೆ ನಡೆದೀತೆ?” ಎಂದು ಒಪ್ಪಿಕೊಂಡಳು.

ಶಬ್ದಗಳ ತೂಕವನ್ನೂ ಆ ದಿನಗಳಲ್ಲಿಯೇ ಕಲಿತೆವು. ಸಾರಾಂಶದಲ್ಲಿ “ಸಿದ್ಧವಾಯಿತು” ಎಂದು ಬರೆದಿದ್ದ ಒಂದೆಡೆಯನ್ನು ಸೊಸೆಯು ಹೊಡೆದು “ತೋರುತ್ತದೆ” ಎಂದು ತಿದ್ದಿದಳು. ಅಂಜಿಕೆಯೇ ಎಂದು ಕೇಳಿದ್ದಕ್ಕೆ ಆಕೆ ನಮ್ಮ ಕನ್ನಡ ನಾಡಿನದೇ ಒಂದು ದೃಷ್ಟಾಂತವನ್ನು ಕೊಟ್ಟಳು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯಹತ್ತಿದವು. ಸುತ್ತಲಿನ ಹಳ್ಳಿಗರಿಗೂ ಘೋರವಾದ ಜ್ವರ ಬಂದಿತು. ಜನರು ಅದನ್ನು ‘ಮಂಗನ ಕಾಯಿಲೆ’ಯೆಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡು, ಭಾರತಕ್ಕೆ ಎಂದೂ ಬಾರದ ಪೀತಜ್ವರವು ಬಂದಿತೋ ಎಂದು ತಜ್ಞರು ಶಂಕಿಸಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಲಾಗಿ, ಅದು ಪೀತಜ್ವರವಾಗಿರದೆ, ರಷ್ಯದ ಕಡೆ ಉಣ್ಣಿಗಳಿಂದ ಹರಡುವ ಮಿದುಳುಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್ಸೆಂದು ಕಂಡುಬಂದಿತು. ಇಷ್ಟು ದೊಡ್ಡ ಸಂಗತಿಯನ್ನು ವರ್ಕ್ ಮತ್ತು ಟ್ರಪಿಡೊ ಎಂಬವರು ಅದೇ ವರ್ಷ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ ಪತ್ರಿಕೆಯಲ್ಲಿ ಮೊದಲು ತಿಳಿಸಿದ್ದು ಎರಡೇ ಪುಟಗಳಲ್ಲಿ. ಅದರ ಹೆಸರೂ ‘ಪ್ರಾಥಮಿಕ ವರದಿಯ ಸಾರಾಂಶ’ವೆಂದೇ ಆರಂಭವಾಗುತ್ತದೆ. ತಿಳಿದಷ್ಟನ್ನು ಬೇಗ ಹೇಳಬೇಕು, ತಿಳಿದುದಕ್ಕಿಂತ ಹೆಚ್ಚು ಹೇಳಬಾರದು. “ಹೊಸ ರೋಗವನ್ನೇ ಕಂಡವರು ‘ಪ್ರಾಥಮಿಕ’ವೆಂದು ಬರೆದರು, ಕೆಲವು ಶಾಲೆಗಳ ಮಕ್ಕಳ ಹಲ್ಲು ನೋಡಿದ ನಾನು ‘ಸಿದ್ಧವಾಯಿತು’ ಎನ್ನಲೆ?” ಎಂದು ಆಕೆ ನಕ್ಕಳು.

ಇನ್ನು ನಮ್ಮ ಪಾಲಿನ ಲೆಕ್ಕದ ಮಾತು. ಮಕ್ಕಳ ಹೆಸರುಗಳುಳ್ಳ ಪುಸ್ತಕವನ್ನು ಸೊಸೆಯು ನಮಗೆ ತೋರಿಸಲಿಲ್ಲ, ಅದು ಬೀಗದಲ್ಲಿದ್ದಿತು. ನಮ್ಮ ಕೈಗೆ ಬಂದವು ಬರಿಯ ಅಂಕಿಗಳ ಪಟ್ಟಿಗಳು. ವೈದ್ಯಕೀಯ ಸಂಶೋಧನೆಯ ನೀತಿಗೆ ಜಗತ್ತಿನ ವೈದ್ಯರು 1964ರಲ್ಲಿ ಹೆಲ್ಸಿಂಕಿಯಲ್ಲಿ ಮಾಡಿಕೊಂಡ ಘೋಷಣೆಯೊಂದಿದೆ; ನಮ್ಮ ದೇಶದ ವೈದ್ಯಕೀಯ ಸಂಶೋಧನ ಪರಿಷತ್ತು 2017ರಲ್ಲಿ ಹೊರಡಿಸಿದ ನಿಯಮಗಳೂ ಇವೆ. ಅವುಗಳ ಮೇರೆಗೆ ತಂದೆತಾಯಿಗಳ ಒಪ್ಪಿಗೆಯಷ್ಟೇ ಸಾಲದು. ಏಳು ವರ್ಷ ತುಂಬಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಹುಡುಗನು ‘ಒಲ್ಲೆ’ ಎಂದರೆ ಬಾಯಿ ತೆರೆಯಿಸುವಂತಿಲ್ಲ. ನಮ್ಮ ಕಾಲದ ಶಾಲೆಗಳಲ್ಲಿ ಹುಡುಗರ ‘ಒಲ್ಲೆ’ಗೆ ಇದ್ದ ಬೆಲೆಯನ್ನು ನೆನೆದು ನಾವು ಸುಮ್ಮನಾದೆವು.

ಆರನೆಯ ದಿನ ರಾತ್ರಿ ಊಟವಾದ ಮೇಲೆ ಮೊದಲನೆಯ ಕೋಷ್ಟಕವನ್ನು ಕೂಡಿದೆವು, ಎರಡನೆಯದನ್ನು ಕೂಡಿದೆವು. ಎರಡೂ ತಾಳೆಯಾಗಲಿಲ್ಲ. ನಾಲ್ಕರ ವ್ಯತ್ಯಾಸ. ಪರೀಕ್ಷಿಸಿದ ಮಕ್ಕಳು ಇಷ್ಟು ಎಂದು ಮೊದಲನೆಯದು ಹೇಳುತ್ತಿದ್ದರೆ, ಎರಡನೆಯದರಲ್ಲಿ ನಾಲ್ಕು ಮಕ್ಕಳು ಕಡಿಮೆ. ನಮ್ಮ ಕಣ್ಣೇ ತಪ್ಪಿತೆಂದು ತಿರುಗಿ ಕೂಡಿದೆವು. ನಾಲ್ಕು ನಾಲ್ಕೇ ಆಗಿ ಉಳಿಯಿತು.

ಸೊಸೆಯು ಬೀಗ ತೆಗೆದು ಮೂಲಪುಸ್ತಕಗಳನ್ನು ಹರವಿದಳು. ಮಧ್ಯರಾತ್ರಿ ಕಳೆದ ಮೇಲೆ ಸಂಗತಿಯು ಹೊರಬಿದ್ದಿತು. ಹುಟ್ಟಿದಂದಿನಿಂದ ಅದೇ ಊರಿನಲ್ಲಿದ್ದ ಮಕ್ಕಳನ್ನು ಮಾತ್ರ ಎರಡನೆಯ ಲೆಕ್ಕಕ್ಕೆ ಹಿಡಿಯಬೇಕೆಂದು ಮೊದಲೇ ಗೊತ್ತುಮಾಡಲಾಗಿತ್ತು. ಅದು ನ್ಯಾಯವೇ, ಹೊರಗಿನಿಂದ ಬಂದ ಮಗುವಿನ ಹಲ್ಲು ಬೇರೆ ಊರಿನ ನೀರಿನ ಸಾಕ್ಷಿಯನ್ನು ಹೇಳುತ್ತದೆ. ಆದರೆ ಒಂದು ಹಳ್ಳಿಯಲ್ಲಿ, ನೀರಿನಲ್ಲಿ ಫ್ಲೋರೈಡ್ ಬಹಳವಿದ್ದರೂ, ನಾಲ್ಕು ಮಕ್ಕಳ ಹಲ್ಲುಗಳು ಹಾಲಿನಂತೆ ಶುಭ್ರವಾಗಿದ್ದವು. ಬರೆದುಕೊಳ್ಳುತ್ತಿದ್ದ ತರುಣ ಸಹಾಯಕನು, ಇವರು ಹೊರಗಿನವರೇ ಇರಬೇಕೆಂದು ತಾನಾಗಿ ಊಹಿಸಿ, ಯಾರನ್ನೂ ಕೇಳದೆ, ಹಾಗೆಂದು ಗುರುತು ಹಾಕಿಬಿಟ್ಟಿದ್ದನು. ಅವನಲ್ಲಿ ವಂಚನೆಯಿರಲಿಲ್ಲ. ಇರಬೇಕಾದುದು ಇಲ್ಲವೆಂದು ಕಂಡಾಗ ಮನಸ್ಸು ತಾನೇ ಒಂದು ಕಾರಣವನ್ನು ಹೊಸೆಯುತ್ತದೆ, ಅಷ್ಟೇ.

ಆಗ ಮನೆಯಲ್ಲಿ ಸಣ್ಣದೊಂದು ವಾದವೇ ನಡೆಯಿತು. ನಮ್ಮ ಮಗನು, “ನಾಲ್ಕೇ ಅಲ್ಲವೆ? ಮೊದಲನೆಯ ಕೋಷ್ಟಕದಿಂದಲೂ ತೆಗೆದುಬಿಡು, ಲೆಕ್ಕ ಸರಿಹೋಗುತ್ತದೆ” ಎಂದನು. ಸತ್ಯವನ್ನು ಹೇಳಬೇಕೆಂದರೆ, ನಮಗೂ ಒಂದು ಕ್ಷಣ ಅದೇ ಸುಲಭವೆನಿಸಿತು. ಆ ನಾಲ್ವರನ್ನು ಬಿಟ್ಟರೆ ಪ್ರಬಂಧದ ಮುಖಕ್ಕೆ ಕಳೆಯೇರುತ್ತಿತ್ತು: ನೀರು ಕೆಟ್ಟ ಆ ಊರಿನಲ್ಲಿ ಶುಭ್ರವಾದ ಹಲ್ಲಿನ ಮಗುವೇ ಇಲ್ಲವೆಂದು ಬರೆಯಬಹುದಾಗಿತ್ತು. ಅವರನ್ನು ಸೇರಿಸಿದರೆ ಆ ವಾಕ್ಯವು ಹೋಗುತ್ತದೆ. ಸೊಸೆಯು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಕಲೆಯ ಹಲ್ಲಿನ ಯಾವ ಮಗುವನ್ನಾದರೂ ಅವನು ಹೀಗೆ ಹೊರಗಿನವನೆಂದು ಊಹಿಸಿದನೆ? ಇಲ್ಲ. ಒಂದೇ ಕಡೆಗೆ ಬಾಗುವ ತಕ್ಕಡಿಯು ತಕ್ಕಡಿಯಲ್ಲ” ಎಂದಳು. ಮೂವತ್ತು ವರ್ಷ ಗಣಿತ ಕಲಿಸಿದ ನಮಗೆ ಆ ಮಾತಿನಿಂದ ನಾಚಿಕೆಯಾಯಿತು.

ಮೂರನೆಯ ದಿನ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆವು. ನೀತಿ ಸಮಿತಿಯ ಅಪ್ಪಣೆಯಲ್ಲಿ ಮರುಭೇಟಿಗೆ ಅವಕಾಶವಿದ್ದಿತು. ನಾವು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತೆವು. ಸೊಸೆಯು ಮನೆಮನೆಗೆ ಹೋಗಿ ಕೇಳಿ ಬಂದಳು. ನಾಲ್ವರಲ್ಲಿ ಒಬ್ಬಳು ನಿಜವಾಗಿಯೂ ಹೊರಗಿನವಳು. ಎರಡು ವರ್ಷದ ಹಿಂದೆ ಬಂದವಳು. ಉಳಿದ ಮೂವರು ಅಲ್ಲಿಯೇ ಹುಟ್ಟಿ ಬೆಳೆದವರು. ಅವರಲ್ಲಿ ಇಬ್ಬರು ಒಡಹುಟ್ಟಿದವರು. ಅವರ ಅಜ್ಜಿಗೆ ಕೊಳವೆ ಬಾವಿಯ ನೀರು ಎಂದೂ ಒಗ್ಗಲಿಲ್ಲವಂತೆ. ಅದರಲ್ಲಿ ಬೇಳೆ ಬೇಯುವುದಿಲ್ಲವೆಂದು ಆಕೆ ಕೆರೆಯ ನೀರನ್ನೇ ಹೊತ್ತು ತಂದು, ಸೋಸಿ ಕಾಯಿಸಿ, ಕುಡಿಯಲಿಕ್ಕೂ ಅಡಿಗೆಗೂ ಬಳಸುತ್ತಿದ್ದಳು. ಮೂರನೆಯ ಮಗುವಿನ ವಿಷಯದಲ್ಲಿ ಯಾವ ಕಾರಣವೂ ದೊರೆಯಲಿಲ್ಲ.

ವಾಚಕರು ಗಮನಿಸಬೇಕು. ಲೆಕ್ಕದಿಂದ ಯಾರನ್ನು ಹೊರಹಾಕಲು ಹೊರಟಿದ್ದೆವೋ ಅವರಲ್ಲಿಯೇ, ಊರಿಗೆಲ್ಲ ಒಂದೇ ನೀರಲ್ಲ, ಒಂದೊಂದು ಒಲೆಯ ನೀರೂ ಬೇರೆಯಾಗಿರಬಹುದೆಂಬ ಸೂಚನೆಯು ಅಡಗಿದ್ದಿತು. ಹಾಗೆಂದು ಸೊಸೆಯು ಅದನ್ನು ದೊಡ್ಡ ಶೋಧವೆಂದು ಬರೆಯಲಿಲ್ಲ. ಒಂದು ಮನೆಯ ಇಬ್ಬರು ಮಕ್ಕಳಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ. ಚರ್ಚೆಯ ಭಾಗದಲ್ಲಿ ಎರಡು ಸಾಲು ಬರೆದು, ಮುಂದಿನವರು ಊರಿನ ಬಾವಿಯನ್ನಷ್ಟೇ ಅಲ್ಲ, ಮನೆಯ ಕೊಡವನ್ನೂ ಪರೀಕ್ಷಿಸುವುದು ಒಳಿತೆಂದಳು. ಮೂರನೆಯ ಮಗುವಿನ ಬಗ್ಗೆ, ಕಾರಣ ತಿಳಿಯಲಿಲ್ಲವೆಂದೇ ಬರೆದಳು. ಉಳಿದೆಲ್ಲ ಗುರುತುಗಳನ್ನೂ ತಿರುಗಿ ತಾಳೆ ನೋಡಿ, ಕೋಷ್ಟಕಗಳನ್ನೆಲ್ಲ ಹೊಸದಾಗಿ ಹಾಕಿದಳು. ನಡೆದ ತಪ್ಪನ್ನೂ ಅದನ್ನು ತಿದ್ದಿದ ಬಗೆಯನ್ನೂ ವಿಧಾನದ ಭಾಗದಲ್ಲಿ ಮುಚ್ಚುಮರೆಯಿಲ್ಲದೆ ನಮೂದಿಸಿದಳು. ಪ್ರಬಂಧದ ಹೊಳಪು ಸ್ವಲ್ಪ ತಗ್ಗಿತು. ನಮ್ಮೆಲ್ಲರ ನಿದ್ರೆ ಚೆನ್ನಾಯಿತು.

ಗದುಗಿನ ಕುಮಾರವ್ಯಾಸನು, ಒಮ್ಮೆ ಬರೆದುದನ್ನು ತಿದ್ದಿ ಅಳಿಸುವ ಪ್ರಸಂಗವೇ ತನಗೆ ಇಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅದು ಮಹಾಕವಿಗೆ ಒಪ್ಪುವ ಹೆಮ್ಮೆ. ಅವನ ನೆರೆಯಲ್ಲಿ ಹುಟ್ಟಿದ ನಮ್ಮಂಥ ಸಾಮಾನ್ಯರ ಅಗ್ಗಳಿಕೆಯು ಅಳಿಸುವುದರಲ್ಲಿಯೇ ಇದೆ. ಆ ಹಸ್ತಪ್ರತಿಯನ್ನು ಸೊಸೆಯು ಒಂಬತ್ತು ಸಲ ತಿದ್ದಿದಳು.

ಕೊನೆಗೆ ಲೇಖಕರ ಹೆಸರುಗಳ ಪ್ರಶ್ನೆ ಬಂದಿತು. ಕೆಲಸದಲ್ಲಿ ಕೈಹಾಕದ ಹಿರಿಯರೊಬ್ಬರ ಹೆಸರನ್ನು ಸೇರಿಸಿದರೆ ಪ್ರಬಂಧಕ್ಕೆ ಗೌರವ ಬರುವುದೆಂದು ಆಕೆಗೆ ಯಾರೋ ಸೂಚಿಸಿದ್ದರು. ಆದರೆ ಸಂಪಾದಕರ ನಿಯಮವು ಸ್ಪಷ್ಟವಾಗಿದೆ: ಕೆಲಸದಲ್ಲಿ ಗಣ್ಯವಾದ ಪಾಲು, ಬರವಣಿಗೆಯಲ್ಲಿ ಇಲ್ಲವೆ ತಿದ್ದುಪಡಿಯಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಪ್ರಶ್ನೆ ಬಂದಾಗ ಉತ್ತರಿಸುವ ಹೊಣೆ, ಈ ನಾಲ್ಕೂ ಇದ್ದವನೇ ಲೇಖಕ. ಹೊಣೆಯೆಂಬ ನಾಲ್ಕನೆಯದನ್ನು 2013ರಲ್ಲಿ ಸೇರಿಸಿದರು. ಹೊಣೆ ಹೊರಲಾರದೆಂಬ ಕಾರಣದಿಂದಲೇ, ಮನುಷ್ಯರಂತೆ ಬರೆಯುವ ಯಂತ್ರಗಳ ಹೆಸರನ್ನು ಲೇಖಕರ ಸಾಲಿನಲ್ಲಿ ಹಾಕಕೂಡದೆಂದು 2023ರಲ್ಲಿ ವಿಧಿಸಿದರು. ಆ ಹಿರಿಯರ ಹೆಸರು ಸೇರಲಿಲ್ಲ. ನಮ್ಮ ಹೆಸರು ಕೃತಜ್ಞತೆಯ ಸಾಲಿನಲ್ಲಿ, ‘ಲೆಕ್ಕ ತಾಳೆ ನೋಡಿದವರು’ ಎಂದು ಬಂದಿದೆ. ನಮ್ಮ ಯೋಗ್ಯತೆಗೆ ಅದು ಸರಿಯಾದ ಸ್ಥಾನ.

ಮೊದಲು ಕಳುಹಿದ ಪತ್ರಿಕೆಯವರು ತಮಗೆ ಒಗ್ಗದೆಂದು ಎರಡು ವಾರಗಳಲ್ಲಿಯೇ ತಿರುಗಿಸಿದರು. ಹಣ ಕೊಟ್ಟರೆ ಮೂರೇ ದಿನಗಳಲ್ಲಿ ಅಚ್ಚುಹಾಕುವೆವೆಂಬ ಪತ್ರಗಳೂ ಬಂದವು. ಪರೀಕ್ಷೆಯಿಲ್ಲದೆ ಉತ್ತೀರ್ಣನಾಗುವ ವಿದ್ಯಾರ್ಥಿಯನ್ನು ನೆನೆದು ಅವುಗಳನ್ನು ಬದಿಗಿಟ್ಟಳು. ಎರಡನೆಯ ಪತ್ರಿಕೆಯವರು ಹಸ್ತಪ್ರತಿಯನ್ನು ಇಬ್ಬರು ಬಲ್ಲವರಿಗೆ ತೋರಿಸಿ ಅವರ ಆಕ್ಷೇಪಗಳನ್ನು ಕಳುಹಿದರು. ಅವುಗಳಲ್ಲಿ ಮೊದಲನೆಯ ಪ್ರಶ್ನೆಯೇ ಇದು: ಪರೀಕ್ಷಿಸಿದ ಮಕ್ಕಳಲ್ಲಿ ಎಷ್ಟು ಜನರನ್ನು ಕೈಬಿಟ್ಟಿರಿ, ಯಾವ ಆಧಾರದ ಮೇಲೆ, ಆ ಗುರುತುಗಳನ್ನು ಯಾರು ಪರಿಶೀಲಿಸಿದರು? ಉತ್ತರವು ಹಸ್ತಪ್ರತಿಯಲ್ಲಿಯೇ ಇದ್ದಿತು. ಪುಟದ ಸಂಖ್ಯೆಯನ್ನು ತಿಳಿಸಿದರೆ ಸಾಕಾಯಿತು.

ತಿದ್ದಿದ ಪ್ರತಿಯು ಹೋಗಿದೆ. ನಿರ್ಣಯವು ಇನ್ನೂ ಬಂದಿಲ್ಲ. ಪ್ರಬಂಧವು ಅಚ್ಚಾಗುವ ಮೊದಲು ಅದರ ಫಲಿತಾಂಶವನ್ನು ಬೇರೆಡೆ ಪ್ರಕಟಿಸಕೂಡದೆಂಬ ವಾಡಿಕೆಯು ಅನೇಕ ವೈದ್ಯಕೀಯ ಪತ್ರಿಕೆಗಳಲ್ಲಿದೆ. ಅಮೆರಿಕೆಯ ಇಂಗಲ್‌ಫಿಂಗರ್ ಎಂಬ ಸಂಪಾದಕನು 1969ರಲ್ಲಿ ಅದನ್ನು ಸ್ಪಷ್ಟವಾಗಿ ಸಾರಿದನು. ಆ ಕಾರಣ ಸಂಶೋಧನೆಯ ಅಂಕಿಗಳನ್ನೂ ಊರಿನ ಹೆಸರನ್ನೂ ನಾವಿಲ್ಲಿ ಹೇಳಲಿಲ್ಲ, ವಾಚಕರು ಮನ್ನಿಸಬೇಕು.

ಮನೆಗೊಬ್ಬ ವೈದ್ಯೆ ಇರುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಕೈಯಲ್ಲಿ ಪುಸ್ತಕ ಹಿಡಿದು, ನಿಮ್ಮ ಮನೆಯ ನೀರು ಯಾವುದು, ಮಗು ಎಲ್ಲಿ ಹುಟ್ಟಿತು ಎಂದು ಕೇಳುವವರು ಎಂದಾದರೊಂದು ದಿನ ನಿಮ್ಮ ಬಾಗಿಲಿಗೂ ಬಂದಾರು. ಆಗ ಬೇಸರಪಡದೆ ಇದ್ದುದನ್ನು ಇದ್ದಂತೆ ಹೇಳಿರಿ. ಅವರು ನಿಮ್ಮನ್ನು ಕೇಳದೆ ತಾವೇ ಊಹಿಸಿ ಬರೆದುಕೊಳ್ಳುತ್ತಿದ್ದರೆ, ಕರೆದು ತಿದ್ದಿರಿ. ನೀರು ಹೊತ್ತ ಆ ಅಜ್ಜಿಯನ್ನು ಮೊದಲ ಸಲ ಯಾರೂ ಕೇಳಿರಲಿಲ್ಲ.